ದನ ಎಣಿಸಿ ಗೋಮಾಳ ಉಳಿಸಿಕೊಂಡ ಬಗೆ

ಪಹಣಿಯ 9ನೇ ಕಾಲಂನಲ್ಲಿ ‘ಸರ್ಕಾರಿ ಗೋಮಾಳ’, ವಿಸ್ತೀರ್ಣ 46 ಎಕರೆ 20 ಗುಂಟೆ. ಜಾಗದ ಮೇಲೆ ಹೋಗಿ ನಿಂತರೆ ದನ ಬಿಡೋಕೆ ಅದರ ಅರ್ಧವೂ ಇರಲಿಲ್ಲ. ನಾನು ಆಗಷ್ಟೇ ಗ್ರಾಮ ಪಂಚಾಯ್ತಿ ಸದಸ್ಯನಾಗಿದ್ದೆ, 2021ರ ಮಾತು. ತುಮಕೂರು ಜಿಲ್ಲೆಯ ಒಣಸೀಮೆ ಊರು ನಮ್ಮದು. ಕುರಿ ಕಾಯುವ ತಾತ ಒಬ್ಬರು ಅರಳಿಕಟ್ಟೆ ಹತ್ತಿರ ತಡೆದು, “ಏನಪ್ಪಾ ಮೆಂಬ್ರೇ, ಕುರಿ ಎಲ್ಲಿಗೆ ಹೊಡ್ಕೊಂಡು ಹೋಗ್ಲಿ, ನಿಮ್ ಪಂಚಾಯ್ತಿ ಆಫೀಸಿಗಾ?” ಅಂದರು.

ಬಿಸಿರಕ್ತ. ಗ್ರಾಮಸಭೆಯಲ್ಲಿ ಒತ್ತುವರಿ ಮಾಡಿದವರ ಹೆಸರು ಹಿಡಿದು ಕೂಗಾಡಿದೆ. ಅದರಿಂದ ಒಂದು ಗುಂಟೆಯೂ ಬಿಡುಗಡೆ ಆಗಲಿಲ್ಲ, ಏಳೆಂಟು ಮನೆ ಜನ ಮುಖ ತಿರುಗಿಸಿದರು, ಅಷ್ಟೇ. ಕಚೇರಿಗೆ ಕೊಟ್ಟ ಅರ್ಜಿಯ ಕಡತ ಐದು ತಿಂಗಳು ‘ಸಿಗ್ತಿಲ್ಲ’. ಎರಡನೇ ಸಲ ಸ್ವೀಕೃತಿ ಮೊಹರು ಹಾಕಿಸಿಕೊಂಡೇ ಅಲ್ಲಿಂದ ಎದ್ದೆ.

ಗೋಮಾಳ ಒತ್ತಿ ಉತ್ತವರ ಕೈಯಲ್ಲೂ ಕಾಗದ ಇತ್ತು, ಅದೇ ತೊಡಕು. 2005ರ ಜನವರಿ 1ಕ್ಕೂ ಮುಂಚಿನಿಂದ ಸರ್ಕಾರಿ ಜಮೀನು ಸಾಗುವಳಿ ಮಾಡುತ್ತಿರುವವರು ಸಕ್ರಮ ಕೋರಿ ನಮೂನೆ 57ರಲ್ಲಿ ಅರ್ಜಿ ಹಾಕಬಹುದಿತ್ತು. ನಮ್ಮೂರಲ್ಲಿ ಮೊನ್ನೆ ಮೊನ್ನೆ ಟ್ರ್ಯಾಕ್ಟರ್ ಹೊಡೆಸಿದವರೂ ಹಾಕಿದ್ದರು. ಇಂಥ ಅರ್ಜಿ ನೋಡುವ ಬಗರ್‌ಹುಕುಂ ಸಮಿತಿ ತೀರ್ಮಾನಿಸುವವರೆಗೆ ಯಾರೂ ಅವರನ್ನು ಮುಟ್ಟುವುದಿಲ್ಲ.

ದಾರಿ ತೋರಿಸಿದ್ದು ನಿವೃತ್ತ ಗ್ರಾಮ ಲೆಕ್ಕಿಗರೊಬ್ಬರು. “ಜಗಳ ಬಿಡು, ದನ ಎಣಿಸು” ಅಂದರು. ಕರ್ನಾಟಕ ಭೂ ಕಂದಾಯ ನಿಯಮಗಳು 1966, ಅದರ 97ನೇ ನಿಯಮ: ಊರಿನ ಪ್ರತಿ 100 ದನಕ್ಕೆ 12 ಹೆಕ್ಟೇರು, ನಮ್ಮ ಲೆಕ್ಕದಲ್ಲಿ ಸುಮಾರು 30 ಎಕರೆ, ಮೇವಿಗೆ ಮೀಸಲಿಡಬೇಕು. ಆ ಲೆಕ್ಕ ಮೀರಿ ಉಳಿದರೆ ಮಾತ್ರ ಗೋಮಾಳ ಮಂಜೂರು ಮಾಡುವ ಮಾತು.

ಮೂರು ದಿನ ನೋಟ್‌ಬುಕ್ ಹಿಡಿದು ಮನೆ ಮನೆ ಸುತ್ತಿದೆವು. ಹಸು, ಎತ್ತು, ಎಮ್ಮೆ, ಕರು, ಎದುರಿಗೆ ಮನೆಯವರ ರುಜು. 148 ಆಯಿತು. ಪಶು ಆಸ್ಪತ್ರೆಯವರು ತಾಳೆ ನೋಡಿ ದೃಢೀಕರಿಸಿಕೊಟ್ಟರು. 148 ದನಕ್ಕೆ 44 ಎಕರೆ 16 ಗುಂಟೆ. ಹೆಚ್ಚುವರಿ ಅಂತ ಉಳಿದದ್ದು ಬರೀ 2 ಎಕರೆ 4 ಗುಂಟೆ. ಉತ್ತವರ ಕೊಟ್ಟಿಗೆಯ ದನಗಳೂ ಪಟ್ಟಿಯಲ್ಲಿದ್ದವು, ಅವರದೇ ರುಜು ಸಮೇತ. ಆ ಹಾಳೆ ಸಮಿತಿ ಮುಂದೆ ಹೋದ ಮೇಲೆ ನಾನು ಬಾಯಿ ತೆರೆಯಬೇಕಾಗಲೇ ಇಲ್ಲ. ಬಹುಪಾಲು ಅರ್ಜಿ ವಜಾ ಆದವು.

ಆಮೇಲೆ ಗೋಮಾಳದ ಗಡಿ ಅಳತೆ. ಅದಕ್ಕೆ ಮುಂಚೆ ಮೊಬೈಲಿನ ದಿಶಾಂಕ್ ಆ್ಯಪ್‌ನಲ್ಲಿ ನಾವೇ ಗಡಿ ನೋಡಿಕೊಂಡಿದ್ದೆವು. ನಿಂತ ಜಾಗದ ಸರ್ವೆ ನಂಬರು ತಿಳಿಯಲು ಅದು ಸಾಕು, ಬದುವಿನ ಜಗಳಕ್ಕೆ ಸಾಲದು. ಸರ್ವೆಯರ್ ಹಳೇ ಟಿಪ್ಪಣಿ ಅಂದರೆ ಮೂಲ ಅಳತೆಯ ದಾಖಲೆ, ಗ್ರಾಮ ನಕಾಶೆ ಬಿಚ್ಚಿ ಸರಪಳಿ ಎಳೆಸಿದರು. ಸರಪಳಿ ಅಂದರೆ 33 ಅಡಿ. ಉದ್ದಗಲ ಒಂದೊಂದು ಸರಪಳಿ ಆದರೆ ಒಂದು ಗುಂಟೆ. ಪೂರ್ವದ ಗೆರೆ ನೆಟ್ಟಗೆ ಹೋಗಿ ನಮ್ಮ ಚಿಕ್ಕಪ್ಪನ ಹುಲ್ಲಿನ ಬಣವೆಗೆ ಗುದ್ದಿತು. ಬಣವೆ, ತಿಪ್ಪೆ, ನಾಲ್ಕು ತೆಂಗಿನ ಮರ, ಒಟ್ಟು ಮೂರು ಗುಂಟೆ ಗೋಮಾಳದ ಒಳಗಿತ್ತು. “ಕಲ್ಲು ಎಲ್ಲಿ ನೆಡಲಿ?” ಅಂತ ಸರ್ವೆಯರ್ ನನ್ನ ಮುಖ ನೋಡಿದರು. ಊರೇ ನೋಡುತ್ತಿತ್ತು. ಗೆರೆ ಇದ್ದಲ್ಲೇ ನೆಡಿಸಿದೆ.

ಆಮೇಲೆ ಒಂದು ತಪ್ಪು ಮಾಡಿದೆ. ಉದ್ಯೋಗ ಖಾತ್ರಿಯಲ್ಲಿ ಗಡಿ ಸುತ್ತ ಅಗಳು (ಕಂದಕ) ತೋಡಿಸುವ ಮೊದಲೇ, ಮಳೆ ಬಂತೆಂದು ಹೊಂಗೆ, ಬೇವು, ನೇರಳೆ ಸಸಿ ನೆಡಿಸಿಬಿಟ್ಟೆ. ಹದಿನೈದು ದಿನದಲ್ಲಿ ಮೇಕೆಗಳು ಕಡ್ಡಿ ಉಳಿಸಿ ಹೋದವು. ಮಾರನೇ ವರ್ಷ ಕ್ರಿಯಾ ಯೋಜನೆಯಲ್ಲಿ ಅಗಳೇ ಮೊದಲು. ತೆಗೆದ ಮಣ್ಣು ಒಳಬದಿಗೆ ಏರಿ, ಏರಿ ಮೇಲೆ ಸಸಿ, ಸುತ್ತ ಜಾಲಿಮುಳ್ಳು. ನಡುವೆಯೂ ಗಿಡ ತುಂಬಿಸಿ ಅಂತ ಮೇಲಿನವರು ಹೇಳಿದರು. ನಾನು ಒಪ್ಪಲಿಲ್ಲ. ನಡುವೆ ನೆರಳು ಬಿದ್ದರೆ ಹುಲ್ಲು ಹೋಗುತ್ತದೆ. ತಾತ ಮತ್ತೆ ಅರಳಿಕಟ್ಟೆ ಹತ್ತಿರ ಕಾಯುತ್ತಿರುತ್ತಾರೆ.

ಎರಡು ಎಕರೆಯ ತಕರಾರು ಇನ್ನೂ ಮೇಲ್ಮನವಿಯಲ್ಲಿದೆ. ಚಿಕ್ಕಪ್ಪ ಇವತ್ತಿಗೂ ನನ್ನ ಜೊತೆ ಮಾತಾಡಲ್ಲ. ಚಿಕ್ಕಮ್ಮ ಮಾತ್ರ ಬೆಳಗ್ಗೆ ಎಂಟಕ್ಕೆಲ್ಲ ಅಗಳಿನ ಪಕ್ಕದ ದಾರಿ ಹಿಡಿದು ಎರಡು ಎಮ್ಮೆ ಹೊಡೆದುಕೊಂಡು ಗೋಮಾಳಕ್ಕೆ ಬರುತ್ತಾರೆ.