ಕೂಳೆ ಜೋಳ ಮೇಯ್ದ ದನ

ಪಶುವೈದ್ಯನಾಗಿ ಕೆಲಸಕ್ಕೆ ಸೇರಿದ ಮೊದಲ ವರ್ಷ, ಗದಗ ಜಿಲ್ಲೆಯ ಎರೆಸೀಮೆಯ ಒಂದು ಹಳ್ಳಿ. ಚಿತ್ತಿ ಮಳೆ ಬಿದ್ದು ಹತ್ತು ದಿನ ಕಳೆದಿತ್ತು. ಬದುವಿನ ಹತ್ತಿರ ಆಕಳು ಸತ್ತು ಬಿದ್ದಿದೆ ಎಂದು ಕರೆದರು. ನಾನು ಹೋಗುವಷ್ಟರಲ್ಲಿ ಅದರ ಹೊಟ್ಟೆ ಉಬ್ಬಿ ಬಿಗಿದಿತ್ತು. "ಹಾವು ಮುಟ್ಟೇತ್ರಿ ಸಾಹೇಬ್ರ" ಎಂದರು ಮನೆಯ ಹಿರಿಯರು. ಬದುವಿನಲ್ಲಿ ಹುತ್ತವೂ ಇತ್ತು. ಕಾಲಿನಲ್ಲಿ, ಮೂತಿಯಲ್ಲಿ ಹಲ್ಲಿನ ಗುರುತು ಹುಡುಕಿದೆ, ಸಿಗಲಿಲ್ಲ. ಆದರೂ ಅವರ ಮಾತನ್ನೇ ಒಪ್ಪಿ ವಾಪಸು ಬಂದೆ. ಮರುದಿನ ಅದೇ ಹೊಲದಲ್ಲಿ ಅದೇ ಮನೆಯ ಗಬ್ಬದ ಆಕಳು ಸತ್ತಿತು.

ಆ ಎರಡನೆಯ ಸಾವನ್ನು ತಪ್ಪಿಸಬಹುದಿತ್ತು. ಎಲ್ಲಿ ಮೇಯಿತು ಎಂದು ನಾನು ಕೇಳಿರಲೇ ಇಲ್ಲ.

ಈ ಸಲ ಕೇಳಿದೆ. "ಕೊಯ್ದ ಜ್ವಾಳದ ಹೊಲದಾಗ್ರಿ, ಹಸರು ಒಡದಿತ್ತು" ಅಂದರು. ಮುಂಗಾರಿ ಜೋಳ ಕೊಯ್ದ ಕೂಳೆಗಳಿಂದ ಮಳೆಗೆ ಗೇಣುದ್ದ ಚಿಗುರು ಬಂದಿತ್ತು. ಕಿವಿಯ ನರದಿಂದ ಒಂದು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿಕೊಂಡು ಆಸ್ಪತ್ರೆಗೆ ಬಂದು ಸೂಕ್ಷ್ಮದರ್ಶಕದಲ್ಲಿ ನೋಡಿದೆ. ನೆರಡಿ ರೋಗದ (ಆಂಥ್ರಾಕ್ಸ್) ಕೋಲಿನಾಕಾರದ ರೋಗಾಣು ಕಾಣಲಿಲ್ಲ. ಆಮೇಲಷ್ಟೇ ಹೋಗಿ ಹೊಟ್ಟೆ ಕೊಯ್ದೆ. ಒಳಗೆ ಚಿಗುರು ತುಂಬಿತ್ತು. ರಕ್ತ ಇನ್ನೂ ಕೆಂಪಗೆ ಹೊಳೆಯುತ್ತಿತ್ತು.

ಎಳೆ ಜೋಳದಲ್ಲಿ ಧುರಿನ್ ಎಂಬ ವಸ್ತು ಇರುತ್ತದೆ. ದನ ಅಗಿದಾಗ, ಹೊಟ್ಟೆಯಲ್ಲಿ ಕಲಸಿದಾಗ ಅದು ಒಡೆದು ಸಯನೈಡ್ ಹೊರಬರುತ್ತದೆ. ರಕ್ತದಲ್ಲಿ ಆಮ್ಲಜನಕ ಇದ್ದೇ ಇರುತ್ತದೆ, ಆದರೆ ಜೀವಕೋಶಗಳಿಗೆ ಅದನ್ನು ಬಳಸಲು ಆಗುವುದಿಲ್ಲ. ಅದಕ್ಕೇ ಆ ಕೆಂಪು. ಏದುಸಿರು, ಜೊಲ್ಲು, ತೂರಾಟ, ಬೀಳುವುದು: ಇಷ್ಟೂ ಕೆಲವೇ ನಿಮಿಷಗಳಲ್ಲಿ ಮುಗಿಯಬಹುದು. ಮಳೆಯಿಲ್ಲದೆ ಗಿಡ್ಡಾಗಿ ಬಾಡಿದ ಪೈರು, ಬರದ ನಂತರ ಮಳೆಗೆ ಚಿಗುರಿದ ಪೈರು, ಕೂಳೆಯ ಚಿಗುರು, ಈ ಮೂರರಲ್ಲಿ ವಿಷ ಹೆಚ್ಚು. ಹಸಿದ ದನ ಗಬಗಬ ತಿನ್ನುವುದರಿಂದ ಅದಕ್ಕೇ ಅಪಾಯ ಜಾಸ್ತಿ.

ಅಂದಿನಿಂದ ದನ ಹಠಾತ್ತನೆ ಸತ್ತಿತೆಂದರೆ ಚಾಕು ತೆಗೆಯುವ ಮೊದಲು ಸುತ್ತ ಒಂದು ಸಲ ನಡೆದು ನೋಡುತ್ತೇನೆ. ಹೊಟ್ಟೆ ಉಬ್ಬಿದ್ದನ್ನು ಮಾತ್ರ ನಂಬುವುದಿಲ್ಲ. ಯಾವ ಕಾರಣಕ್ಕೆ ಸತ್ತರೂ ಬಿಸಿಲಲ್ಲಿ ಹೆಣ ಉಬ್ಬಿಯೇ ಉಬ್ಬುತ್ತದೆ. ಬಾಯಲ್ಲಿ ಇನ್ನೂ ಹುಲ್ಲಿದ್ದು, ಮೇಲೆ ಮರವಿದ್ದರೆ ಸಿಡಿಲು ನೆನಪಾಗುತ್ತದೆ. ಮೈತುಂಬಿದ ಎಳೆಪ್ರಾಯದ ದನವಾಗಿದ್ದು, ತೊಡೆಯ ಬಾವು ಒತ್ತಿದಾಗ ಚರಚರ ಸದ್ದು ಬಂದರೆ ಅದು ಚಪ್ಪೆಬೇನೆ, ಮಾಂಸಖಂಡ ಕೆಡಿಸುವ ರೋಗ.

ಮೂಗು, ಗುದದ್ವಾರಗಳಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ, ಹೆಣ ಸೆಟೆದಿರದಿದ್ದರೆ, ನೆರಡಿ ಎಂದೇ ತಿಳಿದು ದೂರ ನಿಲ್ಲಬೇಕು. ಆಗ ಕೊಯ್ಯಲೇಬಾರದು, ಚರ್ಮ ಸುಲಿಯಲೂಬಾರದು. ಗಾಳಿ ತಗುಲಿದರೆ ಆ ರೋಗಾಣು ಬೀಜಾಣುವಾಗಿ ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ, ಮನುಷ್ಯರಿಗೂ ಅಂಟುತ್ತದೆ. ಆಳು ಎತ್ತರದ ಗುಂಡಿ, ಸುಣ್ಣ, ಉಳಿದ ದನಗಳಿಗೆ ಲಸಿಕೆ. ವಿಮೆಗಾಗಿ ಮರಣೋತ್ತರ ಪರೀಕ್ಷೆ ಮಾಡಿ ಎಂದು ಮನೆಯವರು ಅತ್ತು ಕೇಳಿದ್ದಿದೆ. ಅಲ್ಲಿ ನಾನು ಸಡಿಲಿಸಿಲ್ಲ. ರಕ್ತದ ಪಟ್ಟಿಯ ವರದಿಯನ್ನೇ ಬರೆದುಕೊಟ್ಟಿದ್ದೇನೆ.

ಮೂರು ವರ್ಷದ ಬಳಿಕ ಬೇರೆ ಊರಿನಲ್ಲಿ ನಾಲ್ಕು ದನ ಒಟ್ಟಿಗೆ ಬಿದ್ದವು. ಫೋನಿನಲ್ಲೇ ಕೇಳಿದೆ: "ಎಲ್ಲಿ ಮೇಯಾಕ ಬಿಟ್ಟಿದ್ರಿ?" ಜೋಳ ಎನ್ನುತ್ತಲೇ, ಉಳಿದ ದನ ಹೊರಗೆ ಹೊಡೆಯಿರಿ ಎಂದು ಹೇಳಿ ಬೈಕ್ ಹತ್ತಿದೆ. ಸಯನೈಡ್ ವಿಷಕ್ಕೆ ಮದ್ದಾದ ಸೋಡಿಯಂ ಥಯೋಸಲ್ಫೇಟ್ ಆಗಲೇ ನನ್ನ ಚೀಲ ಬಿಟ್ಟಿರುತ್ತಿರಲಿಲ್ಲ. ಹಿಂದೆ ಫೋಟೊ ತೊಳೆಯಲು ಸ್ಟುಡಿಯೊಗಳಲ್ಲಿ ಹೈಪೋ ಎಂದು ಬಳಸುತ್ತಿದ್ದದ್ದು ಇದನ್ನೇ. ಒಂದು ಆಕಳು ನಾನು ಮುಟ್ಟುವ ಮೊದಲೇ ಸತ್ತಿತ್ತು. ಮಿಕ್ಕ ಮೂರಕ್ಕೂ ನರಕ್ಕೆ ಚುಚ್ಚಿ ನಿಧಾನವಾಗಿ ಕೊಟ್ಟೆ. ಹೊಟ್ಟೆಯಲ್ಲಿ ಉಳಿದ ವಿಷಕ್ಕೆಂದು ಒಂದೊಂದಕ್ಕೂ ಅದೇ ಮದ್ದಿನ 30 ಗ್ರಾಂ ಪುಡಿಯನ್ನು ನೀರಿನಲ್ಲಿ ಕರಗಿಸಿ ಕೊಳವೆಯಿಂದ ಹೊಟ್ಟೆಗೂ ಇಳಿಸಿದೆ. ಮೊದಲನೆಯದು ತಲೆ ಎತ್ತಿತು. ಕತ್ತಲಾಗುವ ಹೊತ್ತಿಗೆ ಮೂರೂ ಎದ್ದು ನಿಂತಿದ್ದವು. ಮನೆಯಾಕೆ ಅವುಗಳ ಕಾಲು ಮುಟ್ಟಿ ನಮಸ್ಕಾರ ಮಾಡುತ್ತಿದ್ದರು. ನನಗೆ ಮೊದಲ ವರ್ಷದ ಆ ಗಬ್ಬದ ಆಕಳು ಕಣ್ಣ ಮುಂದೆ ಬಂತು.

ಮರುದಿನ ಆ ಊರಿನ ಕಟ್ಟೆಯ ಮೇಲೆ ಅದೇ ಹೊಲದ ಚಿಗುರನ್ನು ಜಜ್ಜಿ ಗಾಜಿನ ನಳಿಗೆಗೆ ಹಾಕಿದೆ. ಎರಡು ಹನಿ ಕ್ಲೋರೋಫಾರ್ಮ್ ಬಿಟ್ಟು, ಪಿಕ್ರಿಕ್ ಆಮ್ಲ ಮತ್ತು ಸೋಡಿಯಂ ಕಾರ್ಬೊನೇಟಿನಲ್ಲಿ ಅದ್ದಿದ ಹಳದಿ ಕಾಗದವನ್ನು ಮೇಲೆ ನೇತುಹಾಕಿ ಬಿರಡೆ ಮುಚ್ಚಿದೆ. ಸಯನೈಡ್ ಇದ್ದರೆ ಈ ಕಾಗದ ಕೆಂಪಾಗುತ್ತದೆ. ಜನ ನೋಡುತ್ತಿದ್ದಂತೆ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗಿತು. ನಾನು ಹೆಚ್ಚು ಮಾತಾಡಬೇಕಾಗಲಿಲ್ಲ. ಹೂ ಬಿಡುವ ಮೊದಲು ಜೋಳ ಮೇಯಿಸಬೇಡಿ, ದನ ಬಿಡುವ ಮುಂಚೆ ಒಂದಿಷ್ಟು ಒಣಮೇವು ಹಾಕಿ ಎಂದೆ ಅಷ್ಟೆ.

ಆ ಹೊಲದವರು ಚಿಗುರನ್ನು ಕೊಯ್ದು ಚೆನ್ನಾಗಿ ಬಿಸಿಲಿಗೆ ಒಣಗಿಸಿದರು. ಬೇಸಿಗೆಯಲ್ಲಿ ಕಣಿಕೆಯ ಜೊತೆ ಆ ಮೂರೂ ಆಕಳು ಅದನ್ನೇ ತಿಂದವು.