ಹಂಚಿದ ಮೇಲ್ ಫೋಲ್ಡರ್ ಕಾಣದಿದ್ದಾಗ: ಡವ್‌ಕಾಟ್ ಸರ್ವರ್‌ನಲ್ಲಿ ನಾನು ಹುಡುಕುವ ದಾರಿ

ಮೈಸೂರಿನ ಹೆಡ್ ಆಫೀಸಿನವರು ‘ಬಿಲ್ಲುಗಳು’ ಫೋಲ್ಡರ್ ಹಂಚಿಕೊಂಡಿರುತ್ತಾರೆ, ಮಂಡ್ಯದ ಬ್ರಾಂಚಿನವರ ಥಂಡರ್‌ಬರ್ಡ್ ಮೇಲ್ ಆ್ಯಪ್‌ನಲ್ಲಿ ಅದರ ಸುಳಿವೇ ಇರುವುದಿಲ್ಲ. ಇಂಥ ದೂರು ಬಂದರೆ ಅಕೌಂಟ್ ಅಳಿಸಿ ಮತ್ತೆ ಹಾಕಲು ಹೋಗಬೇಡಿ, ದಂಡ. ಮೇಲ್ ಇಟ್ಟುಕೊಂಡು ಕೊಡುವ ಡವ್‌ಕಾಟ್ ಸರ್ವರ್ ಫೋಲ್ಡರನ್ನು ತೋರಿಸುತ್ತಿದೆಯೇ ಎಂದು ಮೊದಲು ನೋಡಬೇಕು.

ಓಪನ್‌ಎಸ್‌ಎಸ್‌ಎಲ್ ಎಂಬ ಟೂಲ್‌ನಿಂದ ಸರ್ವರಿನ 993ನೇ ಪೋರ್ಟ್‌ಗೆ (ಮೇಲ್ ಓದುವ ಪ್ರೋಟೋಕಾಲ್ ಐಮ್ಯಾಪ್‌ನ ಸುರಕ್ಷಿತ ಪೋರ್ಟ್) ಕನೆಕ್ಟ್ ಆಗಿ, ದೂರು ಕೊಟ್ಟವರ ಅಕೌಂಟಿನಲ್ಲಿ ಲಾಗಿನ್ ಮಾಡಿ, ಲಿಸ್ಟ್ ಮತ್ತು ಎಲ್‌ಸಬ್ ಎರಡೂ ಕಮಾಂಡ್ ಕೊಡುತ್ತೇನೆ. ಲಿಸ್ಟ್ ಹೇಳುವುದು ಏನೇನು ಇದೆ ಎಂದು, ಎಲ್‌ಸಬ್ ಹೇಳುವುದು ಯಾವುದಕ್ಕೆ ಸಬ್‌ಸ್ಕ್ರೈಬ್ ಆಗಿದೆ, ಅಂದರೆ ಆ್ಯಪ್‌ನಲ್ಲಿ ತೋರಿಸಲು ಯಾವುದನ್ನು ಆರಿಸಿದೆ ಎಂದು. ಕನ್ನಡದ ಹೆಸರು ಅಲ್ಲಿ ಆಂಪರ್‌ಸ್ಯಾಂಡ್‌ನಿಂದ ಶುರುವಾಗುವ ಕಲಸುಮೇಲೋಗರವಾಗಿ ಬರುತ್ತದೆ. ಗಾಬರಿ ಬೇಡ, ಐಮ್ಯಾಪ್‌ನ ಯುಟಿಎಫ್-7 ರೂಪವೇ ಹಾಗೆ.

ಲಿಸ್ಟ್‌ನಲ್ಲೇ ಇಲ್ಲವೆಂದರೆ ಮೊದಲು ಅನುಮತಿ ನೋಡಬೇಕು. ಡವ್‌ಕಾಟ್‌ನ ನಿರ್ವಹಣೆಯ ಟೂಲ್ ಡವ್‌ಎಡಿಎಂನ ‘ಎಸಿಎಲ್ ಡೀಬಗ್’ ಕಮಾಂಡ್‌ಗೆ (ಎಸಿಎಲ್ ಎಂದರೆ ಅನುಮತಿಗಳ ಪಟ್ಟಿ) ಬಳಕೆದಾರರ ಹೆಸರನ್ನೂ ಅವರ ಕಡೆಯಿಂದ ಕಾಣಬೇಕಾದ ಫೋಲ್ಡರಿನ ಪೂರ್ತಿ ಹೆಸರನ್ನೂ ಕೊಟ್ಟರೆ ಎಲ್ಲಿ ತಡೆಯುತ್ತಿದೆ ಎಂದು ಸಾಲುಸಾಲಾಗಿ ಹೇಳುತ್ತದೆ. ‘ರೀಡ್’ ಕೊಟ್ಟು ‘ಲುಕಪ್’ ಬಿಟ್ಟಿದ್ದರೆ ಫೋಲ್ಡರ್ ಪಟ್ಟಿಗೇ ಬರುವುದಿಲ್ಲ. ‘ರೈಟ್-ಸೀನ್’ ಇಲ್ಲದಿದ್ದರೆ ಕಾಣುತ್ತದೆ, ಆದರೆ ಓದಿದ ಮೇಲ್ ಮತ್ತೆ ಓದದ್ದಾಗಿ ನಿಲ್ಲುತ್ತದೆ.

ಅನುಮತಿ ಸರಿಯಿದ್ದೂ ಕಾಣದಿದ್ದರೆ ಹಂಚಿಕೆಯ ಡಿಕ್ಷನರಿ ಫೈಲ್ ನೋಡಿ. ಯಾರು ಯಾರಿಗೆ ಹಂಚಿದ್ದಾರೆ ಎಂಬುದು ಅದರಲ್ಲಿರುತ್ತದೆ. ಅನುಮತಿ ಬರೆದಿರುವ ಡವ್‌ಕಾಟ್-ಎಸಿಎಲ್ ಫೈಲನ್ನು ಎಡಿಟರ್‌ನಲ್ಲಿ ಕೈಯಾರೆ ತಿದ್ದಿದವರಿಗೆ ಇದು ತಪ್ಪದ ಕಾಟ, ಏಕೆಂದರೆ ತಿದ್ದಿದ್ದು ಡಿಕ್ಷನರಿಗೆ ತಾನಾಗಿ ಹೋಗುವುದಿಲ್ಲ. ಫೋಲ್ಡರ್ ಹಂಚಿದವರ ಹೆಸರಿನಲ್ಲಿ ‘ಎಸಿಎಲ್ ರೀಕ್ಯಾಲ್ಕ್’ ಓಡಿಸಿದರೆ ಸರಿಹೋಗುತ್ತದೆ. ಅನುಮತಿಯಲ್ಲಿ ಬರೀ ಹೆಸರಿದ್ದು, ಲಾಗಿನ್‌ನಲ್ಲಿ ಡೊಮೇನ್ ಸಮೇತ ಇದ್ದರೂ ಫೋಲ್ಡರ್ ಕಾಣುವುದಿಲ್ಲ. ಇನ್ನೊಂದು: ಒಳಫೋಲ್ಡರ್‌ಗಳು ಹುಟ್ಟುವಾಗ ಮಾತ್ರ ಮೇಲಿನದರ ಅನುಮತಿ ಪಡೆಯುತ್ತವೆ. ಮೊದಲೇ ಇದ್ದವಕ್ಕೆ ಒಂದೊಂದಾಗಿ ಕೊಡಬೇಕು.

ಲಿಸ್ಟ್‌ನಲ್ಲಿದ್ದು ಎಲ್‌ಸಬ್‌ನಲ್ಲಿ ಇಲ್ಲದಿದ್ದರೆ ಕೆಲಸ ಸುಲಭ. ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಮೇಲೆ ರೈಟ್ ಕ್ಲಿಕ್ ಮಾಡಿ ಸಬ್‌ಸ್ಕ್ರೈಬ್ ತೆರೆದು ಟಿಕ್ ಹಾಕಿಸಿ. ಬ್ರೌಸರ್‌ನಲ್ಲಿ ಮೇಲ್ ನೋಡುವ ರೌಂಡ್‌ಕ್ಯೂಬ್ ಆದರೆ ಸೆಟ್ಟಿಂಗ್ಸ್‌ನಲ್ಲಿ ಫೋಲ್ಡರ್ಸ್. ಹತ್ತಾರು ಜನರಿದ್ದರೆ ‘ಡವ್‌ಎಡಿಎಂ ಮೇಲ್‌ಬಾಕ್ಸ್ ಸಬ್‌ಸ್ಕ್ರೈಬ್’ ಅನ್ನು ಸರ್ವರ್‌ನಿಂದಲೇ ಓಡಿಸುವುದು ನನಗೆ ಇಷ್ಟ, ಫೋನಿನಲ್ಲಿ ವಿವರಿಸುವ ಗೋಳು ತಪ್ಪುತ್ತದೆ.

ಟಿಕ್ ಹಾಕಿದರೂ ನಿಲ್ಲದಿದ್ದರೆ ಮಾತ್ರ ಡವ್‌ಕಾಟ್ ಕಾನ್ಫಿಗ್‌ನ ನೇಮ್‌ಸ್ಪೇಸ್ (ಫೋಲ್ಡರ್‌ಗಳ ಗುಂಪು) ಬಿಚ್ಚಿ ನೋಡಬೇಕು. ಹಂಚಿಕೆಯ ನೇಮ್‌ಸ್ಪೇಸ್‌ನಲ್ಲಿ ಸಬ್‌ಸ್ಕ್ರಿಪ್ಷನ್ಸ್ ‘ನೋ’ ಎಂದೇ ಇರಬೇಕು, ಆಗ ಪಟ್ಟಿ ಬಳಕೆದಾರರ ಸ್ವಂತ ಜಾಗದಲ್ಲಿ ಉಳಿಯುತ್ತದೆ. ಖಾಸಗಿ ನೇಮ್‌ಸ್ಪೇಸ್‌ನ ಪ್ರಿಫಿಕ್ಸ್ (ಹೆಸರಿನ ಮುಂದೆ ಸೇರುವ ಭಾಗ) ‘ಇನ್‌ಬಾಕ್ಸ್/’ ಆಗಿದ್ದರೆ ‘ಶೇರ್ಡ್/’ ಹೆಸರನ್ನು ಬರೆದಿಡಲು ಜಾಗವೇ ಸಿಗದು. ಪ್ರಿಫಿಕ್ಸ್ ಖಾಲಿಯಿರುವ, ಸಬ್‌ಸ್ಕ್ರಿಪ್ಷನ್ಸ್ ‘ಯೆಸ್’ ಇರುವ, ಪಟ್ಟಿಯಲ್ಲಿ ತೋರದ ಇನ್ನೊಂದು ನೇಮ್‌ಸ್ಪೇಸ್ ಸೇರಿಸಿ. ಇದೆಲ್ಲ ಡವ್‌ಕಾಟ್ 2.3ರ ಮಾತು. 2.4ರಲ್ಲಿ ಕಾನ್ಫಿಗ್ ಬರೆಯುವ ರೀತಿಯೇ ಬದಲಾಗಿದೆ, ಹಳೆಯ ಸಾಲುಗಳನ್ನು ಎತ್ತಿ ಹಾಕಬೇಡಿ.

ಮೈಸೂರಿನವರು ಫೋಲ್ಡರ್ ಅಳಿಸಿದರೆ ಅಥವಾ ಹೆಸರು ಬದಲಿಸಿದರೆ ಮಂಡ್ಯದವರ ಎಲ್‌ಸಬ್‌ನಲ್ಲಿ ಹಳೆಯ ಹೆಸರು ಹಾಗೇ ಉಳಿಯುತ್ತದೆ. ಸರ್ವರ್ ಅದನ್ನು ತಾನಾಗಿ ತೆಗೆಯಬಾರದೆಂದು ಐಮ್ಯಾಪ್ ನಿಯಮವೇ ಇದೆ. ಕ್ಲಿಕ್ ಮಾಡಿದರೆ ‘ಮೇಲ್‌ಬಾಕ್ಸ್ ಇಲ್ಲ’ ಎಂಬ ಎರರ್. ಒಬ್ಬೊಬ್ಬರ ಹೆಸರಿನಲ್ಲಿ ಅನ್‌ಸಬ್‌ಸ್ಕ್ರೈಬ್ ಮಾಡಿ, ಹೊಸ ಹೆಸರಿಗೆ ಸಬ್‌ಸ್ಕ್ರೈಬ್ ಮಾಡಿಸಬೇಕು.