ಎಸ್‌ಟಿಪಿ ನೀರಿನಲ್ಲಿ ಸಾರಜನಕ ಉಳಿಯುತ್ತಿದೆಯೇ? ಹೀಗೆ ಸರಿಪಡಿಸಿ

ಎಸ್‌ಟಿಪಿಯಲ್ಲಿ (ಕೊಳಚೆ ನೀರು ಶುದ್ಧೀಕರಿಸುವ ಘಟಕದಲ್ಲಿ) ಸೋಸಿ ಬಂದ ನೀರು ಎಷ್ಟೇ ತಿಳಿಯಾಗಿದ್ದರೂ ಸಾರಜನಕ ಅದರಲ್ಲಿ ಕರಗಿ ಕುಳಿತಿರಬಹುದು. ಮರಳಿನ ಸೋಸುಗ ಅದನ್ನು ತಡೆಯುವುದಿಲ್ಲ. ಆ ನೀರನ್ನು ತೊಟ್ಟಿಯಲ್ಲಿ ನಿಲ್ಲಿಸಿದರೆ ಪಾಚಿ ಹಬ್ಬುತ್ತದೆ. ಅಮೋನಿಯಾ ಉಳಿದಿದ್ದರಂತೂ ಹಾಕಿದ ಕ್ಲೋರಿನ್ನೆಲ್ಲ ಅದಕ್ಕೇ ಸಾಲದು: 1 ಗ್ರಾಂ ಅಮೋನಿಯಾ ಸಾರಜನಕ ಕಳೆಯಲು ಲೆಕ್ಕದ ಪ್ರಕಾರವೇ 7.6 ಗ್ರಾಂ ಕ್ಲೋರಿನ್ ಬೇಕು. ಈ ಕೆಲಸವನ್ನು ಬ್ಯಾಕ್ಟೀರಿಯಾಗಳಿಗೆ ಬಿಡುವುದೇ ಲೇಸು. ಕೆಲವು ಗಾಳಿಯಿರುವಲ್ಲಿ ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ, ಇನ್ನು ಕೆಲವು ಗಾಳಿಯಿಲ್ಲದಲ್ಲಿ ಆ ನೈಟ್ರೇಟನ್ನು ಸಾರಜನಕ ಅನಿಲವಾಗಿಸಿ ಹೊರಬಿಡುತ್ತವೆ.

ಮೊದಲು ಪರೀಕ್ಷೆ

ಹೊರಹೋಗುವ ನೀರಿನಲ್ಲಿ ಅಮೋನಿಯಾ ಎಷ್ಟು, ನೈಟ್ರೇಟ್ ಎಷ್ಟು ಎಂದು ಬೇರೆ ಬೇರೆಯಾಗಿ ಅಳೆಯಿರಿ. ಬರೀ ಅಮೋನಿಯಾ ನೋಡಿ ‘ಸಾರಜನಕ ಹೋಯಿತು’ ಎಂದುಕೊಳ್ಳುವವರೇ ಹೆಚ್ಚು. ಅದು ಹೋಗಿರುವುದಿಲ್ಲ, ನೈಟ್ರೇಟ್ ಆಗಿ ವೇಷ ಬದಲಿಸಿರುತ್ತದೆ, ಅಷ್ಟೆ. ಅಮೋನಿಯಾ ಹೆಚ್ಚಿದ್ದರೆ ಗಾಳಿ ಬೇಕಾದ ಹಂತದಲ್ಲಿ ತೊಡಕಿದೆ. ನೈಟ್ರೇಟ್ ಹೆಚ್ಚಿದ್ದರೆ ಗಾಳಿ ಬೇಡದ ಹಂತದಲ್ಲಿ. ಎರಡಕ್ಕೂ ಬ್ಲೋವರ್ (ಗಾಳಿ ಊದುವ ಯಂತ್ರ) ಜೋರು ಮಾಡುವುದೇ ಮದ್ದಲ್ಲ.

ಅಮೋನಿಯಾ ಇಳಿಯದಿದ್ದರೆ

ಕರಗಿದ ಆಮ್ಲಜನಕ ಲೀಟರಿಗೆ 2 ಮಿಲಿಗ್ರಾಂಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಿ. ಈ ಬ್ಯಾಕ್ಟೀರಿಯಾಗಳು ನೆಲೆಸಿದ ಸೋಸುಗಕ್ಕೆ ಬರುವ ನೀರಿನ ಬಿಒಡಿಯನ್ನು (ಕೊಳೆಯನ್ನು ತಿನ್ನಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ) ಮೊದಲೇ ತಗ್ಗಿಸಿ. ಇಲ್ಲದಿದ್ದರೆ ಬೇಗ ಬೆಳೆಯುವ ಇತರ ಬ್ಯಾಕ್ಟೀರಿಯಾಗಳು ಮೀಡಿಯಾದ (ಬ್ಯಾಕ್ಟೀರಿಯಾ ಅಂಟಿ ಬೆಳೆಯಲು ಸೋಸುಗದಲ್ಲಿ ತುಂಬಿದ ವಸ್ತು) ಮೇಲಿನ ಜಾಗವನ್ನೂ ಆಮ್ಲಜನಕವನ್ನೂ ಕಬಳಿಸುತ್ತವೆ.

ಹೆಚ್ಚಿನವರು ಮರೆಯುವುದು ಕ್ಷಾರತೆಯನ್ನು, ಅಂದರೆ ಆಮ್ಲವನ್ನು ತಾಳಿಕೊಂಡು ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿಯನ್ನು. 1 ಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗುವಾಗ ಸುಮಾರು 7.1 ಗ್ರಾಂ ಕ್ಷಾರತೆ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ಖರ್ಚಾಗುತ್ತದೆ. ನೀರಿನಲ್ಲಿ ಲೀಟರಿಗೆ 40 ಮಿಲಿಗ್ರಾಂ ಅಮೋನಿಯಾ ಸಾರಜನಕವಿದ್ದರೆ 285 ಮಿಲಿಗ್ರಾಂನಷ್ಟು ಕ್ಷಾರತೆ ಅದಕ್ಕೇ ಹೋಯಿತು. ಇರುವುದೇ 250 ಆದರೆ ಪಿಎಚ್ ಕುಸಿದು ಕೆಲಸ ಅರ್ಧಕ್ಕೆ ನಿಲ್ಲುತ್ತದೆ. ಎಷ್ಟು ಗಾಳಿ ಊದಿದರೂ ಕರೆಂಟ್ ಬಿಲ್ಲಷ್ಟೇ ಏರುತ್ತದೆ. ಆಗ ಸುಣ್ಣವನ್ನೋ ಸೋಡಾ ಬೈಕಾರ್ಬನ್ನೋ ಬೆರೆಸಬೇಕು.

ನೈಟ್ರೇಟ್ ಉಳಿದರೆ

ಇಲ್ಲಿ ಆಮ್ಲಜನಕ ಸೊನ್ನೆಯ ಹತ್ತಿರವಿರಬೇಕು, ತಿನ್ನಲು ಇಂಗಾಲವಿರಬೇಕು. ಖರ್ಚಿಲ್ಲದ ಇಂಗಾಲ ಒಳಬರುವ ಕೊಳಚೆ ನೀರಿನಲ್ಲೇ ಇದೆ. ಆದ್ದರಿಂದ ನೈಟ್ರೇಟ್ ತುಂಬಿದ ನೀರನ್ನು ಆರಂಭದಲ್ಲಿರುವ ಗಾಳಿಯಿಲ್ಲದ ತೊಟ್ಟಿಗೆ ತಿರುಗಿ ಪಂಪ್ ಮಾಡಿ. ಒಳಹರಿವಿನಷ್ಟೇ ಮರಳಿಸಿದರೆ ಹೆಚ್ಚೆಂದರೆ 50%, ನಾಲ್ಕು ಪಟ್ಟು ಮರಳಿಸಿದರೆ 80% ನೈಟ್ರೇಟ್ ಹೋಗಬಹುದು. ಅದಕ್ಕೂ ಮೀರಿದರೆ ನೀರಿನ ಜೊತೆ ಆಮ್ಲಜನಕವೂ ಹಿಂದಕ್ಕೆ ಬಂದು ಕೆಲಸ ಕೆಡಿಸುತ್ತದೆ. ಇದರಲ್ಲೊಂದು ಲಾಭವೂ ಉಂಟು: ಕಳೆದುಹೋದ ಕ್ಷಾರತೆಯಲ್ಲಿ ಸುಮಾರು ಅರ್ಧ ಮರಳಿ ಸಿಗುತ್ತದೆ.

ಉಳಿದದ್ದನ್ನು ಕೊನೆಯ ಸೋಸುಗದಲ್ಲಿ ಮೆಥನಾಲ್ ಕೊಟ್ಟು ತೆಗೆಯಬಹುದು: 1 ಗ್ರಾಂ ನೈಟ್ರೇಟ್ ಸಾರಜನಕಕ್ಕೆ ಸುಮಾರು 3 ಗ್ರಾಂ. ಹೆಚ್ಚಾದರೆ ಬಿಒಡಿ ಮತ್ತೆ ಏರುತ್ತದೆ. ಮೆಥನಾಲ್ ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ, ವಿಷವೂ ಹೌದು. ಡ್ರಮ್ಮನ್ನು ಮೋಟಾರ್ ಪ್ಯಾನೆಲ್ ಪಕ್ಕ ಇಡಬೇಡಿ.

ಸೋಸುಗ ತೊಳೆಯುವಾಗ

ನೈಟ್ರೇಟ್ ತಿನ್ನುವ ಬ್ಯಾಕ್ಟೀರಿಯಾಗಳು ಬಿಡುವ ಸಾರಜನಕದ ಗುಳ್ಳೆಗಳು ಮರಳಿನ ಸಂದಿಯಲ್ಲಿ ಸಿಕ್ಕಿಬಿದ್ದು ನೀರಿನ ದಾರಿ ಮುಚ್ಚುತ್ತವೆ. ಮೇಲಿನ ನೀರಿನ ಮಟ್ಟ ಏರುತ್ತದೆ. ನೋಡಿದವರು ಕೆಸರು ಕಟ್ಟಿದೆ ಎಂದುಕೊಳ್ಳುತ್ತಾರೆ. ಕೆಲವು ನಿಮಿಷ ಕೆಳಗಿನಿಂದ ನೀರು ನುಗ್ಗಿಸಿ: ಗುಳ್ಳೆಗಳು ಬುಳಬುಳನೆ ಮೇಲೆದ್ದು ಹೋಗಿ, ಮಟ್ಟ ಇಳಿಯುತ್ತದೆ. ಪೂರ್ಣ ಬ್ಯಾಕ್‌ವಾಶ್ (ಕೆಳಗಿನಿಂದ ನೀರು ನುಗ್ಗಿಸಿ ಸೋಸುಗವನ್ನು ಪೂರ್ತಿ ತೊಳೆಯುವುದು) ಬೇರೆಯೇ. ಅದನ್ನು ಎಲ್ಲ ಸೋಸುಗಗಳಿಗೂ ಒಂದೇ ದಿನ ಮಾಡಬೇಡಿ, ಕ್ಲೋರಿನ್ ಬೆರೆತ ನೀರನ್ನಂತೂ ಬಳಸಲೇಬೇಡಿ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾಗಳು ನಿಧಾನವಾಗಿ ಬೆಳೆಯುವಂಥವು. ಒಮ್ಮೆ ಸತ್ತರೆ ಮತ್ತೆ ನೆಲೆಯೂರಲು ವಾರಗಳೇ ಬೇಕು, ಚಳಿಯಿದ್ದರೆ ಇನ್ನೂ ಹೆಚ್ಚು.